ಜಾಲರಿಯ ಮೇಲೆ ಮಲಗಿದ ಬೆಕ್ಕು

ಮೊನ್ನೆ ಬೆಳಿಗ್ಗೆ ಬಿಳಿಜೋಳದ ಚೀಲವೊಂದರ ಬಾಯಿಯ ಹೊಲಿಗೆ ಬಿಚ್ಚಿದೆ. ಸಂಬಂಧಿಕರ ಮನೆಯಿಂದ ಬಂದ ಚೀಲ. ಬಿಚ್ಚಿದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯಿತು, ಬೆಳ್ಳುಳ್ಳಿಗೆ ಸೀಮೆಎಣ್ಣೆ ತಾಗಿಸಿ ಇಟ್ಟಂಥ ವಾಸನೆ. ನೀವು ಕಾಳುಕಡಿಯ ವ್ಯಾಪಾರದ ಮನೆಯವರಾಗಿದ್ದರೆ ಹೇಳಬೇಕಾಗಿಲ್ಲ, ನುಸಿ ಹತ್ತದಿರಲೆಂದು ಚೀಲಗಳ ಮೇಲೆ ಎರಚುವ ಬಿಳಿ ಪುಡಿಯದು. ನಮ್ಮ ಮನೆಯಲ್ಲಿ ಅದಕ್ಕೆ ಪೌಡರ್ ಎಂದೇ ಹೆಸರು. ಮುಖಕ್ಕೆ ಹಚ್ಚುವುದನ್ನು ಮಾರಿ ಪೌಡರ್ ಎಂದು ಬೇರೆಯಾಗಿ ಹೇಳಬೇಕಾಗಿತ್ತು. ಈ ವಾಸನೆ ಬಂದರೆ ಯಾರಾದರೂ ಕಾಳನ್ನು ಎರಡು ಸಲ ತೊಳೆದು ಬಿಸಿಲಿಗೆ ಹರವುತ್ತಾರೆ. ನಾನೂ ಹಾಗೇ ಮಾಡಿದೆ. ಆದರೆ ಕಾಳು ತೊಳೆಯುತ್ತಿದ್ದಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಒಂದು ಬೆಕ್ಕು ಮತ್ತು ಎರಡು ಜೇಡಗಳು.

ಜೇಡ ಎಂದರೆ ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡವಲ್ಲ. ಅಂಗೈ ಅಗಲದ್ದು, ಮೈತುಂಬ ಕೂದಲಿನದ್ದು. ಇಂಗ್ಲಿಷ್ ಪುಸ್ತಕ ನೋಡಿ ನಮ್ಮ ಮಾವನವರು ಅದನ್ನು ಟ್ಯಾರಂಟುಲಾ ಎನ್ನುತ್ತಿದ್ದರು. ಹಾಗೆಂದು ಅವರು ಬಂದವರಿಗೆ ತೋರಿಸಿದಾಗ ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು.

ನನ್ನ ತವರು ಕೊಟ್ಟೂರು. ತೊಂಬತ್ತರ ದಶಕದ ಕೊನೆಗೆ ಹರಪನಹಳ್ಳಿಗೆ ಸೊಸೆಯಾಗಿ ಬಂದೆ. ಹೆಣ್ಣು ನೋಡಲು ಬಂದಾಗ ಮನೆಯಲ್ಲಿ ಎಷ್ಟು ಜನ ಎಂದು ನಮ್ಮವರು ಕೇಳಿದ್ದರು. ಅಪ್ಪ, ಅವ್ವ, ಮಗ, ಇಷ್ಟೇ ಎಂದು ಉತ್ತರ ಬಂದಿತ್ತು. ಜೇಡಗಳ ವಿಷಯ ಯಾರೂ ಎತ್ತಲಿಲ್ಲ. ಅವರ ಮೇಲೆ ನನಗೆ ದೂರಿಲ್ಲ, ಏಕೆಂದರೆ ನನಗೆ ಕನ್ನಡಕ ಇದೆ ಎಂಬ ವಿಷಯವನ್ನು ನಮ್ಮವರೂ ಎತ್ತಿರಲಿಲ್ಲ. ಆ ದಿನ ಅದನ್ನು ಅಡುಗೆಮನೆಯ ಡಬ್ಬಿಯೊಂದರಲ್ಲಿ ಮುಚ್ಚಿಟ್ಟಿದ್ದರು. ಮದುವೆಯಾಗಿ ಬಂದ ಮೇಲೂ ಸುಮಾರು ಒಂದು ತಿಂಗಳು ಅದು ನನ್ನ ಪೆಟ್ಟಿಗೆಯ ತಳದಲ್ಲೇ ಇತ್ತು.

ಹಾಗಾಗಿ ಮಾವನವರು ಮೊದಲ ಸಲ ನನ್ನನ್ನು ಕರೆದು ಗಾಜಿನ ಪೆಟ್ಟಿಗೆ ತೋರಿಸಿದಾಗ ನನಗೆ ಕಂಡದ್ದು ತೆಂಗಿನ ನಾರಿನ ಒಂದು ಉಂಡೆ. ಪಾತ್ರೆ ತಿಕ್ಕುವ ನಾರನ್ನು ಇವರು ಯಾಕೆ ಇಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದುಕೊಂಡು ಬಗ್ಗಿ ಗಾಜಿಗೆ ಮೂಗು ತಾಗಿಸಿ ನೋಡಿದೆ. ನಾರು ಒಂದು ಕಾಲೆತ್ತಿತು. ಕಿರುಚಲೂ ಆಗದೆ, ಗಾಜಿಗೆ ತಾಗಿದ ಮೂಗನ್ನೂ ತೆಗೆಯದೆ ನಿಂತುಬಿಟ್ಟೆ. ಮಾವನವರಿಗೆ ಆದ ಸಂತೋಷ ಹೇಳತೀರದು. “ಅಮ್ಮಾ, ಈ ಮನ್ಯಾಗ ಅಂಜಿಕಿ ಇಲ್ಲದಾಕಿ ನೀ ಒಬ್ಬಾಕಿನ ನೋಡು,” ಎಂದರು. ಅಂದಿನಿಂದ ಜೇಡಗಳಿಗೆ ಜಿರಲೆ ಹಿಡಿದು ಹಾಕುವ ಕೆಲಸ ನನ್ನದಾಯಿತು. ಸುಳ್ಳು ಹೇಳದೆಯೇ ಸುಳ್ಳಿನ ಮೇಲೆ ಸಿಕ್ಕ ಮರ್ಯಾದೆ ಅದು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ನಾನು ಮಾಡಿದ್ದಕ್ಕೆಲ್ಲ ಇದೇ ಕಾರಣ.

ಮಾವನವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಒಮ್ಮೆ ಕೂಡ್ಲಿಗಿ ಕಡೆ ಯಾರದೋ ಹೊಲಕ್ಕೆ ಹೋಗಿದ್ದಾಗ ಬದು ಅಗೆಯುತ್ತಿದ್ದವರು ಕೆಂಪು ಗೊರಚು ಮಣ್ಣಿನಲ್ಲಿ ಒಂದು ಬಿಲ ಕಂಡರಂತೆ. ಬಿಲದ ಬಾಯಿಗೆ ಬಿಳಿ ನೂಲಿನ ಅಂಚು. ಒಳಗಿಂದ ಇವಳು, ಮೊದಲನೆಯ ಜೇಡ, ಹೊರಬಂದಳು. ಸಲಿಕೆ ಎತ್ತಿದವನ ಕೈ ಹಿಡಿದು ಮಾವನವರು ತಮ್ಮ ಊಟದ ಡಬ್ಬಿ ಬೋರಲು ಹಾಕಿ ಅವಳನ್ನು ಮುಚ್ಚಿದರು. ಅದೇ ಡಬ್ಬಿಯಲ್ಲಿ ಬಸ್ಸಿನಲ್ಲಿ, ಮಡಿಲ ಮೇಲೆ ಇಟ್ಟುಕೊಂಡು ಮನೆಗೆ ತಂದರು. ಪಕ್ಕದಲ್ಲಿ ಕುಳಿತವರು ಏನ್ರಿ ತಂದೀರಿ ಊಟಕ್ಕೆ ಎಂದು ಕೇಳಿದರಂತೆ. ಇವರು ಏನು ಉತ್ತರ ಕೊಟ್ಟರೋ ಗೊತ್ತಿಲ್ಲ. ಅತ್ತೆ ಆ ಡಬ್ಬಿಯನ್ನು ಮತ್ತೆ ಒಳಗೆ ಸೇರಿಸಲಿಲ್ಲ. ಮರುವರ್ಷ ಎರಡನೆಯದು ಬಂತು, ಇದಕ್ಕಿಂತ ತುಸು ಸಣ್ಣದು. ಎರಡೂ ಹೆಣ್ಣು. ದೊಡ್ಡಾಕಿ, ಸಣ್ಣಾಕಿ ಎಂದು ಹೆಸರು. ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ ಎಂದು ಮಾವನವರು ಹೇಳುವಾಗ ಅತ್ತೆಯ ಮುಖ ನೋಡಬೇಕಾಗಿತ್ತು.

ಅತ್ತೆಗೆ ಇದ್ದದ್ದು ಬೆಕ್ಕುಗಳು. ಮನೆಯ ಮುಂದಿನ ಅರ್ಧ ಭಾಗ ಮೆಕ್ಕೆಜೋಳದ ಉಗ್ರಾಣ, ತೊಲೆಯವರೆಗೆ ಚೀಲಗಳು. ನನ್ನ ಗಂಡನ ವ್ಯಾಪಾರವೇ ಅದು. ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು, ಹೀಗಾಗಿ ನಮ್ಮ ಓಣಿಯಲ್ಲಿ ಬೆಕ್ಕಿಲ್ಲದ ಅಂಗಡಿ ಇರಲಿಲ್ಲ. ನಮ್ಮಲ್ಲಿ ಎರಡಿದ್ದವು. ಪೈಲ್ವಾನ ಎಂಬ ಗಂಡುಬೆಕ್ಕು ಹಗಲಿಡೀ ಚೀಲಗಳ ಮೇಲೆ ಬಿದ್ದಿರುತ್ತಿತ್ತು, ಅದರ ಮಾತು ಇಲ್ಲಿಗೆ ಸಾಕು. ಅದರ ತಾಯಿ ಸಾವ್ಕಾರ್ತಿ. ಬೂದಿ ಬಣ್ಣ, ಕುತ್ತಿಗೆಗೆ ಬಿಳಿ ಪಟ್ಟಿ. ಇಲಿ ಹಿಡಿಯುವ ಕೆಲಸವನ್ನು ಮಗನಿಗೆ ಒಪ್ಪಿಸಿ ತಾನು ಅತ್ತೆಯ ಹಿಂದೆ ಹಿಂದೆ ಓಡಾಡಿಕೊಂಡಿತ್ತು. ಅತ್ತೆ ರೊಟ್ಟಿ ತಟ್ಟಲು ಕುಳಿತರೆ ಅವರ ಸೆರಗಿನ ತುದಿಯ ಮೇಲೆ ಬಂದು ಕೂರುತ್ತಿತ್ತು. ಅವರು ಏಳಬೇಕಾದರೆ ಅದರ ಅಪ್ಪಣೆ ಬೇಕು. ಮಾತು ಕಡಿಮೆಯ ಹೆಂಗಸು ನಮ್ಮತ್ತೆ. ಅವರು ಅತಿ ಹೆಚ್ಚು ಮಾತಾಡುತ್ತಿದ್ದದ್ದು ಆ ಬೆಕ್ಕಿನ ಕೂಡ.

ಬೆಕ್ಕಿರುವ ಮನೆಯಲ್ಲಿ ಇಂಥ ಜೇಡ ಸಾಕುವುದು ಎಂಥ ಫಜೀತಿ ಎಂದು ನಿಮಗೆ ಗೊತ್ತಿರಲಾರದು. ನೋಡಲು ರಾಕ್ಷಸಿಯಂತೆ ಇದ್ದರೂ ಅದರ ಹೊಟ್ಟೆ ಹಣ್ಣಾದ ಟೊಮೆಟೊದಷ್ಟು ನಾಜೂಕು. ಮೊಳಕಾಲೆತ್ತರದಿಂದ ಬಿದ್ದರೆ ಒಡೆದುಹೋಗುತ್ತದೆ. ಬೆಕ್ಕು ಒಂದು ಸಲ ಪಂಜಾ ಆಡಿಸಿದರೆ ಜೇಡ ಸತ್ತಂತೆ, ಜೇಡ ಒಂದು ಸಲ ಕಚ್ಚಿದರೆ ಬೆಕ್ಕು ಏನಾಗುವುದೋ ಯಾರೂ ನೋಡಿಲ್ಲ. ಮಾವನವರು ಮೊದಲು ಬೇಕರಿಯವರ ಗಾಜಿನ ಭರಣಿಗಳಲ್ಲಿ ಮಣ್ಣು ಹಾಕಿ ಇಟ್ಟಿದ್ದರು. ಸಾವ್ಕಾರ್ತಿ ಒಂದು ಭರಣಿಯನ್ನು ಉರುಳಿಸಿ ಗೋಲಿಯಂತೆ ಆಡಿತು. ದೊಡ್ಡಾಕಿ ಬದುಕಿದ್ದೇ ಹೆಚ್ಚು. ಆಮೇಲೆ ಫೋಟೋಗಳಿಗೆ ಕಟ್ಟು ಹಾಕುವವರಿಂದ ಅವಳಿಗೊಂದು ಗಾಜಿನ ಪೆಟ್ಟಿಗೆ ಮಾಡಿಸಿದರು. ಮೇಲೆ ಮುಚ್ಚಳವಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮಾಬುಸಾಬರು ಸಣ್ಣ ಕಣ್ಣಿನ ತಂತಿ ಜಾಲರಿಗೆ ಚೌಕಟ್ಟು ಬೆಸೆದುಕೊಟ್ಟರು. ಒಳಗೆ ಏನಿಡುತ್ತಾರೆಂದು ತಿಳಿದ ಮೇಲೆ, ಇಂಥದ್ದಕ್ಕೆ ಅಂತ ಮೊದಲೇ ಹೇಳಿದ್ದರೆ ಇನ್ನೂ ದಪ್ಪ ತಂತಿ ಹಾಕುತ್ತಿದ್ದೆನಲ್ಲ ಎಂದು ಪೇಚಾಡಿದರಂತೆ. ಜಾಲರಿಯ ಮೇಲೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಸಾವ್ಕಾರ್ತಿ ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ತಳ್ಳಿತು. ಬೆಕ್ಕಿಗೆ ನಿಂಬೆಯ ವಾಸನೆ ಆಗದು ಎಂದು ಎಲ್ಲೋ ಓದಿ ಸುತ್ತಲೂ ನಿಂಬೆ ಸಿಪ್ಪೆ ಇಟ್ಟರು. ಅದು ಸಿಪ್ಪೆಗಳ ಮೇಲೆಯೇ ಮಲಗಿತು.

ಅತ್ತೆ ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. “ಮಂದಿ ಮನ್ಯಾಗ ಜ್ಯಾಡ ಕಂಡ್ರ ಬಾರಿಗಿ ತಗೋ ಅಂತಾರ. ನಮ್ಮನ್ಯಾಗ ಬೆಕ್ಕಿನ್ನ ಹೊರಗ ಹಾಕು ಅಂತಾರ,” ಎಂದು ಒಮ್ಮೆ ಅಂದರಂತೆ. ಅಷ್ಟೇ. ಜಗಳವೆಂದರೆ ಆ ಮನೆಯಲ್ಲಿ ಅಷ್ಟೇ ಇರುತ್ತಿತ್ತು.

ಕೊನೆಗೆ ಒಂದು ರಾಜಿಯಾಯಿತು. ಪೆಟ್ಟಿಗೆ ಇದ್ದದ್ದು ನಡುಮನೆಯ ಕಿಟಕಿಯ ಕಟ್ಟೆಯ ಮೇಲೆ. ಹತ್ತು ಗಂಟೆಯ ಬಿಸಿಲು ನೇರವಾಗಿ ಜಾಲರಿಯ ಮೇಲೆ ಬೀಳುತ್ತಿತ್ತು, ಬೆಕ್ಕಿಗೆ ಬೇಕಾಗಿದ್ದದ್ದು ಆ ಬಿಸಿಲು, ಜೇಡವಲ್ಲ. ಮಾವನವರು ಎಂಟು ದಿನ ಕುರ್ಚಿ ಹಾಕಿಕೊಂಡು ಕುಳಿತು ನೋಡಿ ಇದನ್ನು ಕಂಡುಹಿಡಿದರು. ಆಮೇಲೆ ತಾವೇ ಒಂದು ಗೋಣಿತಟ್ಟನ್ನು ಮಡಚಿ ಜಾಲರಿಯ ಮೇಲೆ ಹಾಸಿದರು. “ಕಲ್ಲಾದ್ರ ಸರಿತೈತಿ. ಆಕಿ ಮಲಗಿದ್ರ ಸರ್ಯಂಗಿಲ್ಲ,” ಎಂದು ಆಮೇಲೆ ನನಗೂ ವಿವರಿಸಿದ್ದರು. ಬೆಕ್ಕಿನಿಂದ ಜೇಡವನ್ನು ಕಾಯಲು ಬೆಕ್ಕನ್ನೇ ಮುಚ್ಚಳಕ್ಕೆ ಭಾರ ಹಾಕಿದ ಮನೆ ನಮ್ಮದೊಂದೇ ಇರಬೇಕು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಈ ಏರ್ಪಾಡು ಎರಡು ವರ್ಷ ಸುಸೂತ್ರವಾಗಿ ನಡೆದಿತ್ತು. ಮೇಲೆ ಒಬ್ಬಳು ಗೊರಕೆ ಹೊಡೆಯುವಳು, ಕೆಳಗೆ ಇನ್ನೊಬ್ಬಳು ಮಡಕೆ ಚೂರಿನಡಿ ಕಾಲು ಮಡಚಿ ಕೂತಿರುವಳು. ಸಣ್ಣಾಕಿ ಮಾತ್ರ ತನ್ನ ಭರಣಿಯಲ್ಲಿ ಗೋಡೆಯ ಗೂಡಿನೊಳಗೆ, ಬೇರೊಂದು ಜಾಲರಿಯ ಹಿಂದೆ ಇದ್ದಳು.

ಇನ್ನು ನನ್ನ ಕಥೆ. ಮದುವೆಯಾಗಿ ನಾಲ್ಕೈದು ತಿಂಗಳಾಗಿತ್ತು. ಆ ಬೇಸಿಗೆಯಲ್ಲಿ ಬೆಕ್ಕುಗಳಿಗೆ ಚಿಗಟ ಹತ್ತಿದವು, ಬೆಕ್ಕುಗಳಿಂದ ನನಗೆ ಹತ್ತಿದವು. ಯಾಕೋ ಬೇರೆ ಯಾರನ್ನೂ ಕಚ್ಚಲಿಲ್ಲ. ಹೊಸ ಸೊಸೆ ನಾಲ್ಕು ಜನರ ಮುಂದೆ ಕಾಲು ಕೆರೆದುಕೊಳ್ಳುವುದು ಹೇಗೆ? ಮೂಟೆ ಹೊರುವ ಹಮಾಲರು ತಮ್ಮ ಹಾಸಿಗೆಯ ತಿಗಣೆಗೆ ಉಗ್ರಾಣದ ಪೌಡರ್ ಎರಚಿಕೊಳ್ಳುವುದನ್ನು ನೋಡಿದ್ದೆ. ಓಣಿಯಲ್ಲಿ ಕೋಳಿಗಳ ಹೇನಿಗೂ ಅದನ್ನೇ ಹಾಕುತ್ತಿದ್ದರು. ಜೋಳದ ವ್ಯಾಪಾರದ ಊರಿನಲ್ಲಿ ಆ ಪುಡಿ ಸರ್ವರೋಗಕ್ಕೂ ಮದ್ದು. ಒಂದು ಬೆಳಿಗ್ಗೆ ಅತ್ತೆ ಯಾರದೋ ಮನೆಗೆ ಸೀಮಂತಕ್ಕೆ ಹೋಗಿದ್ದರು. ನಾನು ಒಂದು ಹಿಡಿ ಪೌಡರ್ ತಂದು ಸಾವ್ಕಾರ್ತಿಯ ಕುತ್ತಿಗೆ, ಬೆನ್ನು, ಹೊಟ್ಟೆಗೆಲ್ಲ ಚೆನ್ನಾಗಿ ತಿಕ್ಕಿದೆ. ಅದು ಎರಡು ಸಲ ಸೀನಿತು, ನನ್ನನ್ನು ಒಮ್ಮೆ ದಿಟ್ಟಿಸಿತು, ನಂತರ ನೆಟ್ಟಗೆ ಹೋಗಿ ತನ್ನ ಜಾಲರಿಯ ಮೇಲೆ ಕುಳಿತು ಮೈ ಕೊಡವಿಕೊಂಡಿತು. ಚಿಗಟದ ಔಷಧವೇ ಜೇಡಕ್ಕೂ ವಿಷವೆಂಬುದು ನನಗೆ ಹೊಳೆಯಲೇ ಇಲ್ಲ. ಜೋಳದ ನುಸಿಯನ್ನು ಕೊಲ್ಲುವ ಪುಡಿ ಎಂಟು ಕಾಲಿನವಳನ್ನು ಬಿಟ್ಟೀತೇ ಎಂದು ಯೋಚಿಸಲು ಮೇಷ್ಟ್ರೇ ಆಗಬೇಕಿಲ್ಲ. ನಾನು ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಾಕಿ ಪೆಟ್ಟಿಗೆಯ ನಡುವೆ ಬಂದು ನಡುಗುತ್ತಿದ್ದಳು. ಒಂದು ಕಾಲು ಎತ್ತ ಹೋಗುತ್ತಿದೆಯೆಂದು ಇನ್ನೊಂದು ಕಾಲಿಗೆ ತಿಳಿಯದ ಹಾಗೆ. ಮಧ್ಯಾಹ್ನದೊಳಗೆ ಎಂಟೂ ಕಾಲು ಒಳಕ್ಕೆ ಮಡಚಿಕೊಂಡು ಮಗುಚಿ ಬಿದ್ದಳು. ಅದೇ ದಿನ ಸಾವ್ಕಾರ್ತಿ ಹಾಲು ಮುಟ್ಟಲಿಲ್ಲ. ಮೈ ನೆಕ್ಕಿಕೊಂಡದ್ದರಿಂದ ಅದರ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬರಲಿಲ್ಲ. ಮಾವನವರು ಒಂದಕ್ಕೊಂದು ಕೂಡಿಸಿದರು. ಬೆಕ್ಕು ಹೇಗೋ ಜಾಲರಿ ಸರಿಸಿ ಪಂಜಾ ಒಳಗೆ ಬಿಟ್ಟಿದೆ, ಜೇಡ ಅದನ್ನು ಕಚ್ಚಿದೆ, ಅದು ಜೇಡವನ್ನು ಹೊಡೆದಿದೆ. ಇಲ್ಲದಿದ್ದರೆ ಜೊಲ್ಲು ಯಾಕೆ, ಮಂಚದ ಕೆಳಗೆ ಅಡಗುವುದು ಯಾಕೆ. ಎಂದೂ ದನಿ ಎತ್ತದ ಮನುಷ್ಯ ಅಂದು ಊಟಕ್ಕೆ ಕೂರದೆ ನಡುಮನೆಯಲ್ಲಿ ಅಡ್ಡಾಡಿದರು. ಸಣ್ಣಾಕಿಯನ್ನಾದರೂ ಉಳಿಸಿಕೊಳ್ಳಬೇಕು, ಆ ಬೆಕ್ಕು ಮನೆಯಲ್ಲಿ ಇರಕೂಡದು ಎಂದರು. ನನ್ನ ಗಂಡ ಮೆಕ್ಕೆಜೋಳ ನೋಡಲು ಮರುದಿನ ಹಿರೇಹಡಗಲಿಗೆ ಹೋಗುವವರಿದ್ದರು. ಅಲ್ಲಿ ಪರಿಚಯದ ಕಿರಾಣಿ ಅಂಗಡಿಯವರಿಗೆ ಬೆಕ್ಕು ಬೇಕಾಗಿತ್ತಂತೆ. ಚೀಲದಲ್ಲಿ ಹಾಕಿ ಒಯ್ಯುವುದೆಂದು ಆಯಿತು.

ಆಗಲಾದರೂ ನನಗೆ ಗೊತ್ತಾಗಿತ್ತೇ ಎಂದು ನೀವು ಕೇಳಬಹುದು. ಗೊತ್ತಾಗಿತ್ತು. ಗೋಣಿತಟ್ಟಿನ ಸಂದಿಗಳಿಂದ ಸೋರಿ ಪೆಟ್ಟಿಗೆಯೊಳಗಿನ ಕೆಂಪು ಮಣ್ಣಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ ಬಿದ್ದದ್ದನ್ನು ನಾನು ನೋಡಿದ್ದೆ. ಆ ಹೊತ್ತಿಗೆ ಕನ್ನಡಕವೂ ಹೊರಗೆ ಬಂದಿತ್ತು.

ಬೆಕ್ಕನ್ನು ಚೀಲಕ್ಕೆ ಹಾಕಲು ಬೇರೆ ಯಾರ ಕೈಗೂ ಅದು ಸಿಗಲಿಲ್ಲ. ಅತ್ತೆಯೇ ಮಂಚದ ಕೆಳಗೆ ಕೈ ಚಾಚಿ ಕರೆದರು, ಬಂತು. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತರು. ಅದರ ಕುತ್ತಿಗೆಯ ಹತ್ತಿರ ಮೂಗು ತಂದು ಹಾಗೆಯೇ ತಡೆದರು. ಅಲ್ಲಿ ನಾನೊಬ್ಬಳೇ ನಿಂತಿದ್ದೆ. “ನೀ ಏನರ ಹಾಕಿದ್ಯೇನು ಇದರ ಮೈಗೆ?” ಎಂದು ಮೆಲ್ಲಗೆ ಕೇಳಿದರು.

“ಇಲ್ರಿ,” ಎಂದೆ.

ಅವರು ಬೆಕ್ಕನ್ನು ಚೀಲದೊಳಗೆ ಇಳಿಸಿ, ಉಸಿರಾಡಲು ಬಾಯಿ ಸಡಿಲ ಬಿಟ್ಟು, ಹುರಿಯಿಂದ ಕಟ್ಟಿದರು. ಬಸ್ಸಿನಲ್ಲಿ ಅದು ಹಡಗಲಿ ರಸ್ತೆಯುದ್ದಕ್ಕೂ ಕೂಗಿತು ಎಂದು ನನ್ನ ಗಂಡ ಬಂದು ಹೇಳಿದರು. ಅದನ್ನು ಅವರು ಹೇಳಬಾರದಾಗಿತ್ತು.

ನಂತರದ ದಿನಗಳನ್ನು ಹೇಗೆ ಕಳೆದೆನೋ. ಅತ್ತೆ ರೊಟ್ಟಿ ತಟ್ಟಿ ಏಳುವಾಗ ಅಭ್ಯಾಸಬಲದಿಂದ ಸೆರಗನ್ನು ನಿಧಾನ ಎಳೆದುಕೊಳ್ಳುತ್ತಿದ್ದರು, ಅಲ್ಲಿ ಏನೂ ಇರುತ್ತಿರಲಿಲ್ಲ. ನಾನು ದಿನವೂ, ಇವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುವುದು, ಊಟವಾದ ಮೇಲೆ ಪಾತ್ರೆಗಳ ಹತ್ತಿರ ಓಡುವುದು. ಹೇಳಿದರೆ ನನ್ನನ್ನು ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅಂಜಿಕೆ ಇಲ್ಲದಾಕಿ ಎಂಬ ಹೆಸರೊಂದು ಹೋಗುತ್ತಿತ್ತು, ಅಷ್ಟೇ. ಅಷ್ಟಕ್ಕೇ ನಾನು ಹೆದರಿದ್ದು.

ಐದನೆಯ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವನವರು ಸಣ್ಣಾಕಿಯನ್ನು ಭರಣಿಯಿಂದ ದೊಡ್ಡ ಪೆಟ್ಟಿಗೆಗೆ ಬಿಟ್ಟಿದ್ದರು. ಬೆಕ್ಕಿನ ಕಾಟ ತೀರಿತು, ಇನ್ನು ಇವಳು ಸುಖವಾಗಿ ಕೈಕಾಲು ಚಾಚಿಕೊಂಡಿರಲಿ ಎಂದು. ಅದೇ ಮಣ್ಣು, ಅದೇ ಜಾಲರಿ, ಅದೇ ಗೋಣಿತಟ್ಟು. ಬಿಸಿಲು ಜಾಸ್ತಿ ಬೀಳುತ್ತದೆಂದು ತಟ್ಟನ್ನು ಎರಡು ಸಲ ಕೊಡವಿ ಮತ್ತೆ ಮೇಲೆ ಹಾಸಿದ್ದರು. ನಾನು ನೋಡುವಾಗ ಅವಳ ಮುಂಗಾಲು ಒಂದು ನಡುಗುತ್ತಿತ್ತು.

“ಮಾವ್ರೇ, ಆಕಿನ್ನ ತಗೀರಿ ಅದ್ರಾಗಿಂದ. ನಾನು ಬೆಕ್ಕಿಗೆ ಪೌಡರ್ ಹಾಕಿದ್ದೆ.”

ಅವರು ನನ್ನ ಮುಖ ನೋಡಲಿಲ್ಲ. ಸಣ್ಣಾಕಿಯನ್ನು ಚಮಚದಿಂದ ಬಟ್ಟಲಿಗೆ ಸರಿಸಿಕೊಂಡು, ತೊಳೆದ ಭರಣಿಗೆ ಹೊಸ ಮಣ್ಣು ಹಾಕಿ ಬಿಟ್ಟರು. ಎಲ್ಲ ಮುಗಿಸಿ ಪೆಟ್ಟಿಗೆಯ ಮಣ್ಣನ್ನು ಬೆರಳಿಗೆ ತೆಗೆದುಕೊಂಡು ಮೂಸಿದರು. ಯಾವಾಗ ಹಾಕಿದ್ದು, ಎಷ್ಟು ಹಾಕಿದ್ದು ಎಂದು ಎರಡೇ ಪ್ರಶ್ನೆ ಕೇಳಿದರು, ಪ್ರಯೋಗಶಾಲೆಯಲ್ಲಿ ಹುಡುಗರನ್ನು ಕೇಳುವ ಹಾಗೆ. ನಂತರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಅತ್ತೆಗೆ, “ಬೆಕ್ಕಿಂದು ತಪ್ಪಿಲ್ಲ. ನಾನು ಮಣ್ಣು ನೋಡದ ಮಾತಾಡಿದೆ,” ಎಂದರು. ನನ್ನ ಹೆಸರು ಎತ್ತಲಿಲ್ಲ. ಅದಕ್ಕಿಂತ ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅತ್ತೆ ತಾವೇ ಹೊರಟರು. ಮಗನ ಕೂಡ ಹಿರೇಹಡಗಲಿಗೆ ಹೋಗಿ ಸಂಜೆಯ ಬಸ್ಸಿಗೆ ಬರಿಗೈಲಿ ಬಂದರು. ನಾನು ಬಾಗಿಲಲ್ಲೇ ಕಾಯುತ್ತಿದ್ದೆ. “ಆಕಿ ನನ್ನ ಗುರ್ತ ಹಿಡೀಲಿಲ್ಲ,” ಎಂದು ಹೇಳಿ ಒಳಗೆ ಹೋದರು. ನನ್ನ ಗಂಡನನ್ನು ಕೇಳಿದೆ. ತಾನು ಆಗ ಜೋಳದ ತೂಕದ ಹತ್ತಿರ ಇದ್ದೆ, ಅವ್ವ ಒಬ್ಬಳೇ ಆ ಮನೆಗೆ ಹೋಗಿ ಬಂದಳು ಎಂದರು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವಾಯಿತು. ಐದಾರು ದಿನದಲ್ಲಿ ಮರೆಯುವ ಪ್ರಾಣಿಗೆ ನಾನು ಮಾಡಿದ್ದು ಅಂಥ ದೊಡ್ಡ ಅನ್ಯಾಯವೇನಲ್ಲ ಎನಿಸಿತು. ಅಲ್ಲಿಂದ ಮುಂದೆ ಬೆಕ್ಕುಗಳ ವಿಷಯದಲ್ಲಿ ನಾನೊಬ್ಬಳು ದೊಡ್ಡ ಪಂಡಿತೆಯಾಗಿಬಿಟ್ಟೆ. ನಾಯಿಗೆ ಮನುಷ್ಯ ಬೇಕು, ಬೆಕ್ಕಿಗೆ ಹಾಲು ಇದ್ದರೆ ಸಾಕು, ಕೊಟ್ಟವರು ಯಾರಾದರೇನು ಎಂದು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಉದಾಹರಣೆಗೆ ನಮ್ಮ ಸಾವ್ಕಾರ್ತಿಯೇ ಇದ್ದಳಲ್ಲ.

ಸಣ್ಣಾಕಿ ಬದುಕಿದಳು. ಕೆಲವು ತಿಂಗಳು ಒಂದು ಕಾಲೆಳೆದು, ಪೊರೆ ಬಿಟ್ಟ ಮೇಲೆ ಸರಿಹೋಗಿ, ಅಲ್ಲಿಂದ ಮುಂದೆ ಹತ್ತು ವರ್ಷ ಇದ್ದಳು. ಒಂದು ತಿಂಗಳಾದ ಮೇಲೆ ಮಾವನವರು ಏನೂ ಆಗಿಲ್ಲವೆಂಬಂತೆ ಜಿರಲೆಯ ಡಬ್ಬಿಯನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಈಗ ಅವರಿಲ್ಲ. ಜೋಳದ ವ್ಯಾಪಾರವೂ ನಿಂತು, ಉಗ್ರಾಣವಿದ್ದಲ್ಲಿ ಒಂದು ಝೆರಾಕ್ಸ್ ಅಂಗಡಿ ಬಂದಿದೆ. ಅತ್ತೆಗೆ ಎಂಬತ್ತು ದಾಟಿದೆ. ಕಿವಿ ಚುರುಕಾಗಿದೆ, ಮಾತು ಮೊದಲಿಗಿಂತಲೂ ಕಡಿಮೆ.

ಮೊನ್ನೆ ಆ ಜೋಳವನ್ನು ಹಿತ್ತಲಲ್ಲಿ ಹರವಿ, ಗುಬ್ಬಿ ಕಾಯುತ್ತ ನಾವಿಬ್ಬರೂ ನೆರಳಿಗೆ ಕುಳಿತಿದ್ದೆವು. ಪಕ್ಕದ ಮನೆಯ ಸೊಸೆ ಬಂದು ತಮ್ಮ ಬೆಕ್ಕು ಎರಡು ದಿನದಿಂದ ಕಾಣುತ್ತಿಲ್ಲ ಎಂದು ಅಳುಮುಖ ಮಾಡಿದಳು. ನಾನು ವಾಡಿಕೆಯಂತೆ ನನ್ನ ಪಾಂಡಿತ್ಯ ತೆಗೆದೆ. ಅದು ಯಾರ ಮನೆಯಲ್ಲೋ ಹಾಲು ಕುಡಿದುಕೊಂಡು ಆರಾಮವಾಗಿರುತ್ತದೆ, ಎದುರಿಗೆ ಹೋಗಿ ನಿಂತರೂ ನಿನ್ನ ಗುರುತು ಹಿಡಿಯುವುದಿಲ್ಲ ಎಂದೆ. ಅವಳು ಹೋದಳು.

“ಗುರ್ತ ಹಿಡಿದಿದ್ಲು,” ಎಂದರು ಅತ್ತೆ.

ಸಾವ್ಕಾರ್ತಿಯ ಮಾತೆಂದು ನನಗೆ ಕೂಡಲೇ ತಿಳಿಯಿತು.

“ಅಂಗಡಿ ಬಾಗಿಲಾಗ ನನ್ನ ದನಿ ಕೇಳಿದ ಕೂಡ್ಲೆ ಓಡಿ ಬಂದ್ಲು. ಕಾಲಿಗೆ ತಲಿ ತಿಕ್ಕಿದ್ಲು. ಸೆರಗಿನ ಮ್ಯಾಲ ಕುಂತ್ಲು. ನಾನೇ ಎಬ್ಬಿಸಿ ಬಿಟ್ಟು ಬಂದೆ.”

ಯಾಕೆ ಎಂದು ಕೇಳಿದೆ. ಅವರು ಜೋಳದ ಕಡೆಯೇ ನೋಡುತ್ತಿದ್ದರು.

“ನನಗ ಅವತ್ತ ವಾಸನಿ ಬಂದಿತ್ತು. ನೀ ಇಲ್ಲ ಅಂದಿ. ಆಕಿ ಕಣ್ಮುಂದ ಇದ್ರ ಆ ಮಾತು ದಿನಾ ನೆನಪಾಗತಿತ್ತು. ನಿನ್ನ ಕೂಡ ನಾನು ಬಾಳೇವು ಮಾಡಬೇಕಿತ್ತಲ್ಲ, ಯವ್ವಾ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಾಳೆ ರೊಟ್ಟಿಗೆ ಹಿಟ್ಟಿಲ್ಲ ಎನ್ನುವಾಗ ಅವರ ದನಿ ಹೇಗಿರುತ್ತದೋ ಹಾಗೆಯೇ ಇತ್ತು. ಅತ್ತೆ ನನಗೆ ಒಂದು ದಿನವೂ ಒಂದು ಮಾತು ಅಂದವರಲ್ಲ ಎಂದು ತವರಿನಲ್ಲೂ ಓಣಿಯಲ್ಲೂ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ. ನನ್ನ ಒಳ್ಳೆಯತನದಿಂದಲೇ ಅದು ಬಂದದ್ದು ಎಂದು ತಿಳಿದಿದ್ದೆ. ಅದಕ್ಕಾಗಿ ಅವರು ಏನನ್ನು ಬಿಟ್ಟು ಬಂದರು ಎಂಬುದು ನನಗೆ ಈಗ ತಿಳಿಯಿತು, ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಇಪ್ಪತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಅವರಿಗೆ ನೇರವಾಗಿ ಹಾಗೆ ಹೇಳಿದ್ದು. ಅವರು ಹೂಂ ಎಂದರು. ಒಳಗೆ ಕುಕ್ಕರ್ ಕೂಗುತ್ತಿತ್ತು. ನಾನು ಏಳಲಿಲ್ಲ, ಅವರ ಪಕ್ಕದಲ್ಲಿಯೇ ಕುಳಿತಿದ್ದೆ.